ಸಂಕದಪ್ಪೆಯ ಸೊನೆ

ಕಳೆದ ವರ್ಷ ಶಿವರಾತ್ರಿ ಮುಗಿದು ಸ್ವಲ್ಪ ದಿನಕ್ಕೆ, ಬನವಾಸಿಯ ಗೌರಮ್ಮನವರ ಹಿತ್ತಲಿನಲ್ಲಿ ನಿಂತು ಒಂದು ಮಾವಿನ ಮಿಡಿಯ ತೊಟ್ಟು ಮುರಿದೆ. ಸೊನೆ ಚಿಮ್ಮಿ ಹೆಬ್ಬೆರಳಿಗೆ ತಾಗಿತು. ಮೊದಲು ಜೀರಿಗೆ, ಅದರ ಬೆನ್ನಿಗೇ ಕರ್ಪೂರದಂಥ ತಣ್ಣನೆಯ ಎಳೆಯೊಂದು. ಕೈಯನ್ನು ಮೂಗಿನಿಂದ ದೂರ ಒಯ್ದು ಮತ್ತೆ ತಂದೆ. ಎರಡನೆಯ ಸಲವೂ ಅದೇ. ಇಪ್ಪತ್ತು ವರ್ಷದ ಹಿಂದೆ ಸತ್ತುಹೋದ ಮರವೊಂದರ ವಾಸನೆ ಅದು.

ಗೌರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. “ಮೇಡಮ್ಮಾರು ಇಟ್ಟ ಗಿಡ ರೀ ಇದು. ಇಟ್ಟು ಹೋಗುವಾಗ, ಯಾರು ಕೇಳಿದ್ರೂ ಇದರ ಹೆಸರು ಹೇಳಬ್ಯಾಡ್ರಿ ಅಂದಿದ್ರು. ನಾ ಹೇಳಿಲ್ಲ ನೋಡ್ರಿ. ನನಗ ಹೆಸರೇ ಗೊತ್ತಿಲ್ಲ, ಹೇಳೂದೇನು?”

ನಾನು ಅಲ್ಲಿಗೆ ಹೋಗಿದ್ದು ಪುಸ್ತಕದ ಕೆಲಸಕ್ಕೆ. ಕಾತ್ಯಾಯಿನಿ ಮೇಡಂ ತೀರಿಕೊಂಡು ಆರೇಳು ತಿಂಗಳಾಗಿತ್ತು. ನಮ್ಮ ಕಾಡುಮಾವು, ರಾಮಪತ್ರೆ, ಉಪ್ಪಾಗೆಗಳ ಮೇಲೆ ಕೆಲಸ ಮಾಡಿದ ಸಸ್ಯವಿಜ್ಞಾನಿ ಅವರು. ಶಿರಸಿಯಲ್ಲಿ ಮಕ್ಕಳ ಪುಸ್ತಕ ಮಾಡುವ ಕೆಲವರು ಅವರ ಬದುಕನ್ನು ಐದನೆಯ, ಆರನೆಯ ತರಗತಿಯ ಮಕ್ಕಳಿಗೆ ಓದುವ ಹಾಗೆ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದರು. ‘ಗಿಡಗಳ ಜೊತೆ ಮಾತಾಡಿದ ಅಜ್ಜಿ’ ಎಂದು ಹೆಸರೂ ಇಟ್ಟುಕೊಂಡಿದ್ದರು. ಮೇಡಂ ಕೇಳಿದ್ದರೆ ನಗುತ್ತಿದ್ದರು. ಅವರು ಗಿಡಗಳ ಜೊತೆ ಯಾವತ್ತೂ ಮಾತಾಡಿದವರಲ್ಲ. ಅಳೆಯುತ್ತಿದ್ದರು, ಮೂಸುತ್ತಿದ್ದರು, ಜಗಿದು ಉಗಿಯುತ್ತಿದ್ದರು.

ವಾಸನೆಯ ನೆನಪನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಮೂಗು ತನಗೆ ಬೇಕಾದ್ದನ್ನು ಮೂಸುತ್ತದೆ. ಅದರಲ್ಲೂ ಒಬ್ಬ ಮನುಷ್ಯನ ಮೇಲೆ ಇಪ್ಪತ್ತು ವರ್ಷ ಸಿಟ್ಟು ಇಟ್ಟುಕೊಂಡು ಬಂದವಳ ಮೂಗು. ಆದರೂ ಆ ಹಿತ್ತಲಲ್ಲಿ, ಅನಾನಸು ಹೋಳು ತಟ್ಟೆಗೆ ಹಾಕಿಕೊಂಡು ಬಂದ ಗೌರಮ್ಮನ ಎದುರು, ನನಗೆ ಅನಿಸಿದ್ದು ದುಃಖವಲ್ಲ. ಸಿಕ್ಕಿಬಿದ್ದೆ ಸೀತಾರಾಮಣ್ಣ, ಈಗ ಸಿಕ್ಕಿಬಿದ್ದೆ ನೀನು, ಅಂತ.

ಆ ಮರ ಸತ್ತ ವರ್ಷ ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಮೇಡಂ ಹತ್ತಿರ ಸಹಾಯಕಿಯಾಗಿ ಸೇರಿದ್ದೆ. ಮಾಘದ ಚಳಿ ಇನ್ನೂ ಹೋಗಿರಲಿಲ್ಲ. ಶಿರಸಿಯ ಬಾಡಿಗೆ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಸಿದ್ದಾಪುರದ ದಾರಿಯಲ್ಲಿ ಎಲ್ಲೋ ಇಳಿದು, ಹೊಳೆಯ ದಂಡೆ ಹಿಡಿದು ನಡೆಯುವುದು. ಅಪ್ಪೆಮಾವು ಹೊಳೆಯ ಅಂಚನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ನಾವೂ ಹೋಗುತ್ತಿರಲಿಲ್ಲ. ಹಣ್ಣಾದರೆ ಮಂಗ ಕೂಡ ಮೂಸಿ ಎಸೆಯುವ ಈ ಮಾವು ಎಳೆಯ ಮಿಡಿಯಾಗಿ ಉಪ್ಪಿಗೆ ಬಿದ್ದರೆ ವರ್ಷಗಟ್ಟಲೆ ಗರಿಗರಿಯಾಗಿ ನಿಲ್ಲುತ್ತದೆ. ಒಂದು ಮರದ ಮಿಡಿ ಇನ್ನೊಂದರಂತಿಲ್ಲ. ಹಾಗಾಗಿ ನಮ್ಮ ಕಡೆ ಒಂದೊಂದು ಒಳ್ಳೆಯ ಮರಕ್ಕೂ ಹೆಸರಿದೆ. ಯಾರದೋ ಗದ್ದೆಯ ಹೆಸರು, ಯಾರೋ ಹಿರಿಯರ ಹೆಸರು, ಒಮ್ಮೊಮ್ಮೆ ಬರೀ ಜಾಗದ ಹೆಸರು.

ಮೇಡಂಗೆ ಆಗ ಐವತ್ತರ ಹತ್ತಿರ. ಮೈಸೂರಿನ ಕಡೆಯವರು. ಗಂಡಸರ ಶರ್ಟನ್ನು ಸೀರೆಯ ಮೇಲೆ ಹಾಕಿಕೊಂಡು ಜಿಗಣೆಗೆ ಸುಣ್ಣ ಹಚ್ಚಿಕೊಂಡು ಬರುತ್ತಿದ್ದರು. ಮರದ ಕೆಳಗೆ ಕೂತು ಮೊಂಬತ್ತಿ ಹೊತ್ತಿಸಿ, ಅದರ ಹತ್ತಿರ ಮಿಡಿ ಹಿಡಿದು ತೊಟ್ಟು ಮುರಿಯುವುದು ಅವರಿಗೆ ಇಲ್ಲಿಯ ಹೆಂಗಸರೇ ಕಲಿಸಿದ್ದ ಪರೀಕ್ಷೆ. ಒಳ್ಳೆಯ ಅಪ್ಪೆಯ ಸೊನೆ ಬೆಂಕಿಗೆ ಚಿಮ್ಮಿದರೆ ಚಿಟಪಟ ಹೊತ್ತಿಕೊಳ್ಳುತ್ತದೆ. ಪ್ರತಿ ಸಲವೂ ಮೇಡಂ ಸಣ್ಣ ಹುಡುಗಿಯ ಹಾಗೆ ನನ್ನ ಕಡೆ ತಿರುಗುತ್ತಿದ್ದರು. ಇದು ನಿಜವಾಗಿ ಹಾಗೇ ಇತ್ತೋ, ಮಕ್ಕಳ ಪುಸ್ತಕಕ್ಕೆ ಬೇಕೆಂದು ನಾನೇ ಅವರನ್ನು ಹುಡುಗಿ ಮಾಡುತ್ತಿದ್ದೇನೋ ಗೊತ್ತಿಲ್ಲ. ಹೊತ್ತಿಕೊಳ್ಳದ ಮರಗಳ ಕೆಳಗೆ ಅವರು ಒರಟಾಗಿ ಬೈದುಕೊಂಡು ಎದ್ದದ್ದೂ ನೆನಪಿದೆ. ಅದನ್ನು ಪುಸ್ತಕದಲ್ಲಿ ಹಾಕಲಿಲ್ಲ.

ಕಾನಸೂರಿನಿಂದ ಒಳಗೆ, ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕದ ಪಕ್ಕದಲ್ಲಿ ಆ ಮರವಿತ್ತು. ಸುತ್ತಲಿನವರು ಅದನ್ನು ಸಂಕದಪ್ಪೆ ಎನ್ನುತ್ತಿದ್ದರು. ಅದು ಯಾರ ಜಮೀನಿನದೂ ಅಲ್ಲ. ಹತ್ತಿದವನಿಗೆ ಮಿಡಿ. ಒಂದು ಕಟ್ಟು ಮಾತ್ರ ಇತ್ತು, ಹಳ್ಳದ ಮೇಲೆ ಚಾಚಿದ ಕೊಂಬೆಯನ್ನು ಯಾರೂ ಮುಟ್ಟುವಂತಿಲ್ಲ. ಯಾಕೆ ಎಂದು ಕೇಳಿದರೆ ಒಬ್ಬರು ಅದು ಮಂಗನ ಪಾಲು ಅಂದರು, ಇನ್ನೊಬ್ಬರು ಬಿದ್ದರೆ ಸೊಂಟ ಮುರಿಯುತ್ತದೆ ಅಂದರು. ಮೇಡಂ ಎರಡನ್ನೂ ಬರೆದುಕೊಂಡರು.

ಆ ಮರದ ಮೊದಲ ಮಿಡಿಯನ್ನು ಮುರಿದಾಗ ಮೊಂಬತ್ತಿಯ ಕುಡಿ ಒಂದು ಗೇಣು ಎದ್ದಿತು. ನಾವಿಬ್ಬರೂ ಮೂಸಿದೆವು. ಜೀರಿಗೆ, ಕರ್ಪೂರ. ಮೇಡಂ ಪರೀಕ್ಷೆಗೆಂದು ತೊಗಟೆಯ ಅಂಗೈಯಗಲದ ಒಂದು ಚೂರನ್ನು ಕೆತ್ತಿ ಚೀಲಕ್ಕೆ ಹಾಕಿಕೊಂಡರು, ನಾಲ್ಕೂ ಬದಿಯಿಂದ ಒಂದೊಂದೇ ಕಡ್ಡಿ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರು. ಒಂದೇ ಬದಿಯಿಂದ ತೆಗೆದರೆ ಮರ ವಾಲುತ್ತದೆ ಎಂದರು. ಬಾಡಿಗೆ ಮನೆಯ ಜಗಲಿಯಲ್ಲಿ ಕಾಡುಮಾವಿನ ಸಸಿಗಳಿಗೆ ಅವನ್ನು ಕಸಿ ಕಟ್ಟಿದ್ದು ನಾನೇ, ಅವರು ಪಕ್ಕದಲ್ಲಿ ಕೂತು ಸಡಿಲಾಯಿತು, ಬಿಗಿಯಾಯಿತು ಎನ್ನುತ್ತಿದ್ದರು.

ಸೀತಾರಾಮಣ್ಣ ನಮ್ಮ ಬದುಕಿಗೆ ಬಂದಿದ್ದು ಜೀಪಿನಲ್ಲಿ. ಬಿಸಿಲಿನಲ್ಲಿ ನಡೆಯುತ್ತಿದ್ದವರನ್ನು ಹತ್ತಿಸಿಕೊಂಡ. ಸಿದ್ದಾಪುರದ ರಸ್ತೆಯಲ್ಲಿ ಆಗಷ್ಟೇ ಸಣ್ಣ ನರ್ಸರಿ ಇಟ್ಟಿದ್ದ. ಒಳ್ಳೆಯ ಮಾತುಗಾರ. ಮೇಡಂ ಹೇಳಿದ್ದನ್ನೆಲ್ಲ ತಲೆದೂಗಿ ಕೇಳುತ್ತಿದ್ದ, ಮನೆಗೆ ಕರೆದು ಊಟ ಹಾಕುತ್ತಿದ್ದ, ಯಾವ ಹೊಳೆಯಂಚಿನಲ್ಲಿ ಯಾವ ಮರ ಎಂದು ತೋರಿಸುತ್ತಿದ್ದ. ಅವನ ಮನೆಯ ಅಪ್ಪೆಹುಳಿಯ ರುಚಿ ಇವತ್ತಿಗೂ ನಾಲಗೆಯ ಮೇಲಿದೆ. ಅದನ್ನೂ ಕ್ಷಮಿಸಿಲ್ಲ.

ಯುಗಾದಿಯ ಹೊತ್ತಿಗೆ ಶಿರಸಿಯಲ್ಲಿ ಮಿಡಿಗಳ ಪ್ರದರ್ಶನವಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಹೆಂಗಸರು ಭರಣಿಗಳನ್ನು ಹೊತ್ತು ತಂದಿದ್ದರು. ಮೇಡಂ ಸಂಕದಪ್ಪೆಯನ್ನು ಎಲ್ಲಕ್ಕಿಂತ ಮೇಲಿಟ್ಟರು, ಯಾಕೆಂದು ಮೈಕಿನಲ್ಲಿ ವಿವರಿಸಿದರು, ಮರ ಎಲ್ಲಿದೆ ಎಂದೂ ಹೇಳಿದರು. ಇಂಥ ಮರದಿಂದ ಕಸಿ ಮಾಡಿ ಉಳಿಸಿಕೊಳ್ಳಬೇಕು ಎಂದರು. ಆಗ ಬಿದ್ದ ಚಪ್ಪಾಳೆಯನ್ನು ನೆನೆಸಿಕೊಂಡರೆ ಈಗ ಕೊಡಲಿಯ ಸದ್ದಿನಂತೆ ಕೇಳುತ್ತದೆ. ಅವತ್ತು ಹಾಗೆ ಕೇಳಿರಲಿಲ್ಲ, ನಾನೂ ತಟ್ಟಿದ್ದೆ.

ಜನ ಬಂದರು. ಯಲ್ಲಾಪುರದಿಂದ, ಬನವಾಸಿಯಿಂದ, ಬೈಕಿನಲ್ಲಿ, ಬಸ್ಸಿನಲ್ಲಿ. ಪ್ರತಿಯೊಬ್ಬರಿಗೂ ನಾಲ್ಕು ಕಡ್ಡಿ ಬೇಕು, ಮನೆಯ ಹಿಂದೆ ಒಂದು ಸಂಕದಪ್ಪೆ ಬೇಕು. ಎಲ್ಲರೂ ಆ ಮರವನ್ನು ಉಳಿಸಲೆಂದೇ ಬಂದವರು. ಕೈಗೆ ಎಟಕುವ ಕೊಂಬೆಗಳೆಲ್ಲ ಬೋಳಾದವು, ಕಸಿ ಕಟ್ಟಲು ಬಾರದವರ ಕೈಯಲ್ಲಿ ಆ ಕಡ್ಡಿಗಳೂ ಒಣಗಿಹೋದವು. ಹಳ್ಳದ ಬದಿಯ ಕೊಂಬೆ ಮಾತ್ರ ಹಾಗೇ ಇತ್ತು. ಆಮೇಲೆ ಒಂದು ದಿನ ಸೀತಾರಾಮಣ್ಣ ಟ್ರ್ಯಾಕ್ಟರು, ಗರಗಸ ಮತ್ತು ಆಳುಗಳನ್ನು ತಂದು ಮೇಲಿನ ನೆತ್ತಿಯನ್ನು ಪೂರ್ತಿ ಇಳಿಸಿದ. ಹಳ್ಳದ ಕೊಂಬೆಯನ್ನೂ ಬಿಡಲಿಲ್ಲ. ನಾವು ಎರಡು ದಿನ ಬಿಟ್ಟು ಹೋದಾಗ ಸಂಕದ ಪಕ್ಕ ಒಂದು ಕಂಬ ನಿಂತಿತ್ತು. ಗರಗಸದ ಬಾಯಿಂದ ಸೊನೆ ಇಳಿದು ಬುಡದವರೆಗೆ ಕಪ್ಪಾಗಿತ್ತು, ಇಡೀ ಹಳ್ಳಕ್ಕೆ ಜೀರಿಗೆಯ ವಾಸನೆ.

ನರ್ಸರಿಗೆ ಹೋದೆವು. ಹಿಂಬದಿಯಲ್ಲಿ ಒದ್ದೆ ಗೋಣಿಚೀಲ, ಅದರ ಮೇಲೆ ಪ್ಲಾಸ್ಟಿಕ್ ತಾಡಪತ್ರಿ, ಅದರ ಕೆಳಗೆ ಮರದ ನೆತ್ತಿಯಷ್ಟೂ ಕಡ್ಡಿ. ಚೈತ್ರದ ಬಿಸಿಲಿನಲ್ಲಿ ರಾಶಿ ಒಳಗೊಳಗೇ ಬೆಂದು ಹೋಗಿತ್ತು. ಮೇಡಂ ಕೈ ಹಾಕಿದರೆ ಬಿಸಿ, ಹೊರತೆಗೆದರೆ ತೊಗಟೆ ಕಪ್ಪಾಗಿ ಜಾರುತ್ತಿತ್ತು, ಹುಳಿ ಬಂದ ಗಂಜಿಯ ವಾಸನೆ. ಒಂದು ಕಡ್ಡಿಯೂ ಕಸಿಗೆ ಬರುವಂತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆನೋ, ಮೇಡಂ ಮಾತ್ರ ಕಂಡು ನನಗೆ ಹೇಳಿದರೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮೇಡಂ ಕೈಗೆ ಅಂಟಿದ ಕಪ್ಪು ತೊಗಟೆ ನೆನಪಿದೆ. ನಾನು ಅಲ್ಲೇ ಇದ್ದಿರಬೇಕು.

ಆ ಮಳೆಗಾಲದಲ್ಲೇ ಅವನ ನರ್ಸರಿಯ ಮುಂದೆ ಬೋರ್ಡು ಬಿತ್ತು, ಮೂಲ ಸಂಕದಪ್ಪೆಯ ಕಸಿ ಗಿಡಗಳು ಸಿಗುತ್ತವೆ ಎಂದು. ಯಾವ ಕಡ್ಡಿಯಿಂದ ಮಾಡಿದ್ದು ಎಂದು ಕೇಳುವವರು ಯಾರು?

ಮರ ಚಿಗುರಲಿಲ್ಲ. ಮೊದಲ ಮಳೆಗೆ ಗಾಯದೊಳಗೆ ನೀರು ನಿಂತು ಕೊಳೆಯಿತು. ಊರಿನ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಸೀತಾರಾಮಣ್ಣ ತುಂಬ ಬೇಸರದಿಂದ ಎದ್ದು ನಿಂತ. “ಮೇಡಂ ಓದಿದವ್ರು, ನಂಗ ಎಂತ ಹೇಳಲೆ ಆಗ್ತು? ಪರೀಕ್ಷೆ ಹೇಳಿ ಮರದ ಚರ್ಮ ಕೆತ್ತಿದ್ರು. ಮರ ಹೋತು. ಇನ್ನು ಮಾತಾಡಿ ಎಂತ ಉಪಯೋಗ?”

ಮೆಲ್ಲಗೆ ಹೇಳಿದ, ಅದಕ್ಕೇ ನಾಟಿತು. ಅಲ್ಲಿ ಕೂತವರಲ್ಲಿ ಕಡ್ಡಿ ಕೀಳದ ಮನೆಯವರು ಯಾರೂ ಇರಲಿಲ್ಲ. ಎಲ್ಲರಿಗೂ ಒಂದು ಅಂಗೈಯಗಲದ ಗಾಯ ಬೇಕಾಗಿತ್ತು, ಅದು ಬೇರೆಯವರು ಮಾಡಿದ್ದಾಗಿರಬೇಕಿತ್ತು. ನಾನು ಎದ್ದು ಟ್ರ್ಯಾಕ್ಟರಿನ ಮಾತೆತ್ತಿದೆ. ಹಿರಿಯರೊಬ್ಬರು ನಗುತ್ತಲೇ, “ಕೂಸೆ, ನೀ ಕೂತ್ಕ. ದೊಡ್ಡವ್ರು ಮಾತಾಡ್ತಾ ಇದ್ದ” ಅಂದರು. ಮೂರು ಸಲ ಎದ್ದೆನೋ, ಒಂದೇ ಸಲವೋ, ಈಗ ಖಚಿತವಿಲ್ಲ. ಸೀತಾರಾಮಣ್ಣ ನನ್ನ ಕಡೆ ಕರುಣೆಯಿಂದ ನೋಡಿದ್ದು ಖಚಿತ.  ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ತಗಡಿನ ಮೇಲೆ ಮಳೆ ಬಡಿಯುವಾಗ, ಮೇಡಂ ಒಂದೇ ಮಾತು ಕೇಳಿದರು. “ನಾನು ಜಾಗ ಹೇಳಬಾರದಿತ್ತು, ಅಲ್ವಾ?”

ಕೆಲಸ ಇನ್ನೂ ಇತ್ತು. ಯಲ್ಲಾಪುರದ ಕಡೆಗೆ ಹೋದೆವು. ಮಾತು ನಮಗಿಂತ ಮೊದಲೇ ಘಟ್ಟ ಹತ್ತಿ ಇಳಿದು ಅಲ್ಲಿ ಮುಟ್ಟಿತ್ತು. ಮರ ಕೊಲ್ಲುವ ಮೇಡಂ ಬಂದರು ಎಂದು ಮಕ್ಕಳು ಓಡಿಹೋಗಿ ಒಳಗೆ ಹೇಳುತ್ತಿದ್ದರು. ನಾವು ಅಂಗಳದಲ್ಲಿ ಕೊಡೆ ಹಿಡಿದು ನಿಂತರೆ ಜಗಲಿಯಿಂದಲೇ, ಮನೆಯವರು ಇಲ್ಲ, ಆಮೇಲೆ ಬನ್ನಿ. ನೀರು ಬೆಲ್ಲ ಕೊಡದೆ ಯಾರನ್ನೂ ಕಳಿಸದ ಊರುಗಳು ಇವು. ಆ ಆಷಾಢದಲ್ಲಿ ನಾನು ಡೈರಿಯಲ್ಲಿ ಬರೆದಿದ್ದು ಹೆಚ್ಚು ಕಡಿಮೆ ಒಂದೇ ಸಾಲು. ಮಳೆ, ಮೇಡಂ ಮಾತಾಡಲಿಲ್ಲ.

ಒಂದು ದಿನ ಅವರು ಜಗಲಿಯಲ್ಲಿ ಉಳಿದಿದ್ದ ಎರಡು ಮೂರು ಕಸಿ ಗಿಡಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಒಬ್ಬರೇ ಬನವಾಸಿಗೆ ಹೋಗಿಬಂದರು. ಅದಾದ ಮೇಲೆ ಮೇಲಿನವರಿಗೆ ಬರೆದು ಬೇರೆ ಕಡೆಗೆ ವರ್ಗ ಮಾಡಿಸಿಕೊಂಡರು. ಮುಂದೆ ಅವರು ತುಂಬ ಕೆಲಸ ಮಾಡಿದರು, ಹೆಸರೂ ಬಂತು. ಆದರೆ ಅಪ್ಪೆಮಾವಿನ ಬಗ್ಗೆ ಮತ್ತೆ ಒಂದು ಸಾಲೂ ಬರೆಯಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತ ಶಿರಸಿಯಲ್ಲೇ ಉಳಿದೆ. ವರ್ಷಕ್ಕೊಮ್ಮೆ ಫೋನು ಮಾಡಿದರೆ ಎಲ್ಲ ಕೇಳುತ್ತಿದ್ದರು, ಮಿಡಿ ಸುದ್ದಿ ಒಂದು ಬಿಟ್ಟು.

ಪುಸ್ತಕದ ಮೊದಲ ಕರಡಿನಲ್ಲಿ ಸೀತಾರಾಮಣ್ಣನಿಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೆ. ಹೆಸರು, ಊರು, ಟ್ರ್ಯಾಕ್ಟರು, ಎಲ್ಲ. ಬರೆಯುವಾಗ ಎಷ್ಟು ಸುಖವಾಯಿತೆಂದರೆ ಎದ್ದು ಕಾಫಿ ಮಾಡಿಕೊಂಡು ಬಂದು ಮತ್ತೆ ಓದಿಕೊಂಡೆ. ಸಂಪಾದಕಿ ಶ್ವೇತಾ ಸಣ್ಣ ವಯಸ್ಸಿನವಳು, ಖಂಡಿತದವಳು. “ಅಕ್ಕ, ಇದು ಹತ್ತು ವರ್ಷದ ಮಕ್ಕಳಿಗೆ. ಇದನ್ನ ಓದಿದರೆ ಅವರಿಗೆ ಮೇಡಂ ನೆನಪಿರಲ್ಲ, ಈ ಮನುಷ್ಯನೇ ನೆನಪಿರ್ತಾನೆ” ಅಂದಳು.  ಅಧ್ಯಾಯ ತೆಗೆದೆ.

ಆಮೇಲೆ ಅವನನ್ನು ನೋಡಲು ಹೋದೆ. ನರ್ಸರಿ ಈಗ ರಸ್ತೆಯುದ್ದಕ್ಕೂ ಬೆಳೆದಿದೆ. ಗೋಡೆಯ ತುಂಬ ಶಾಲು ಹೊದಿಸುವ ಫೋಟೋಗಳು, ಮಿಡಿತಳಿಗಳ ರಕ್ಷಕ ಎಂಬ ಬಿರುದು. ಮುದುಕನಾಗಿದ್ದಾನೆ, ಮಾತು ಹಾಗೇ ಇದೆ. ಕಷಾಯ ಕೊಟ್ಟ. ಪುಸ್ತಕದ ಬಿಡುಗಡೆಗೆ ತಾನೂ ಬರುತ್ತೇನೆ, ತನ್ನ ಮೊಮ್ಮಗಳು ಓದುವ ಶಾಲೆಯಲ್ಲೇ ಮಾಡಿ ಎಂದ. ಸಂಕದ ಮರದ ಸುದ್ದಿಯನ್ನು ಅವನೇ ಎತ್ತಿದ.

“ಹಳೇದೆಲ್ಲ ಎಂತಕ್ಕೆ ಈಗ ತಂಗೀ? ಮಕ್ಕಳ ಪುಸ್ತಕ, ಚಂದದ್ದು ಬರಿ. ಮೇಡಂ ಪಾಪ ಒಳ್ಳೆಯವ್ರೆ. ಅವ್ರ ಕೈಲಿ ಒಂದು ತಪ್ಪಾತು. ಅದನ್ನ ಯಾವತ್ತೋ ಕ್ಷಮಿಸಿ ಆತು.”

ಅವನು ಮೇಡಮ್ಮನ್ನು ಕ್ಷಮಿಸಿದ್ದಾನೆ! ಅವನ ಮುಖದಲ್ಲಿ ಕಪಟವನ್ನು ಹುಡುಕಿದೆ, ಕಾಣಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ಅವನಿಗೆ ಅದೇ ನಿಜವಾಗಿಹೋಗಿರಬಹುದು. ನೆನಪು ಹಾಗೆ ಮಾಡುತ್ತದೆ ಎಂದು ನನಗೆ ಬೇರೆಯವರು ಹೇಳಬೇಕಾಗಿಲ್ಲ. ಹಾಗಾದರೆ ನನ್ನ ನೆನಪೂ ಅಷ್ಟೇ ತಾನೆ? ಹೊರಡುವಾಗ ಬೋರ್ಡಿನ ಕೆಳಗಿನ ತಾಯಿಮರದಿಂದ ಒಂದು ಮಿಡಿ ಕೊಯ್ದು ತೊಟ್ಟು ಮುರಿದೆ. ಬರೀ ಮಾವಿನಕಾಯಿ. ಜೀರಿಗೆ ಇಲ್ಲ, ಕರ್ಪೂರ ಇಲ್ಲ.

ನನ್ನ ಮೂಗನ್ನು ನಾನು ನಂಬುವುದಿಲ್ಲ ಎಂದೆನಲ್ಲ. ಆ ವಾರವೇ ಗೌರಮ್ಮನ ಮರದ ಮಿಡಿಯನ್ನೂ ಇವನ ಮರದ ಮಿಡಿಯನ್ನೂ ಎಲ್ಲಿಯದೆಂದು ಹೇಳದೆ ಶ್ವೇತಾಳಿಗೆ, ಅವಳ ಅಮ್ಮನಿಗೆ, ನಮ್ಮ ಬೀದಿಯ ಇಬ್ಬರು ಮೂವರಿಗೆ ಮೂಸಲು ಕೊಟ್ಟು, ಜೀರಿಗೆ ಯಾವುದರಲ್ಲಿದೆ ಎಂದು ಕೇಳಿದೆ. ಒಬ್ಬರೂ ತಪ್ಪಲಿಲ್ಲ. ಆಗ ನನಗೆ ಗೊತ್ತಾಯಿತು, ನನ್ನ ಕೈಯಲ್ಲಿರುವುದು ಅಧ್ಯಾಯವಲ್ಲ, ಪರೀಕ್ಷೆ.

ಪುಸ್ತಕದ ಕೊನೆಯಲ್ಲಿ ಒಂದು ಪುಟ ಸೇರಿಸಿದೆ. ಕಾತ್ಯಾಯಿನಿ ಅಜ್ಜಿ ಮಾಡುತ್ತಿದ್ದ ಹಾಗೆ ನೀವೂ ಮಾಡಿ. ಮನೆಯ ಮಿಡಿ ತನ್ನಿ, ಕಣ್ಣು ಮುಚ್ಚಿಕೊಳ್ಳಿ, ಟೀಚರ್ ತೊಟ್ಟು ಮುರಿದುಕೊಟ್ಟಾಗ ಮೂಸಿ. ಸಂಕದಪ್ಪೆ ಎಂಬ ಮರದ ಸೊನೆಗೆ ಜೀರಿಗೆ ಕರ್ಪೂರದ ವಾಸನೆಯಿತ್ತು. ನಿಮ್ಮ ಮನೆಯದಕ್ಕೆ ಯಾವ ವಾಸನೆ? ಮೊಂಬತ್ತಿಯನ್ನು ಶ್ವೇತಾ ಬೇಡ ಅಂದಳು. ಉಳಿದದ್ದು ಅವಳಿಗೆ ತುಂಬ ಹಿಡಿಸಿತು. ಎಂಥ ಮುದ್ದಾದ ಚಟುವಟಿಕೆ ಅಕ್ಕ, ಎಂದಳು. ಮೂರು ತಾಲೂಕಿನ ಎಷ್ಟು ಮನೆಗಳ ಹಿಂದೆ ಸೀತಾರಾಮಣ್ಣನ ಗಿಡಗಳಿವೆ ಎಂದು ಅವಳಿಗೆ ಹೇಳಲಿಲ್ಲ.

ಮಳೆ ಹಿಡಿದ ಮೇಲೆ ಬನವಾಸಿಗೆ ಹೋಗಿ ಮರದ ನಾಲ್ಕೂ ಬದಿಯಿಂದ ಸ್ವಲ್ಪ ಸ್ವಲ್ಪವೇ ಕಡ್ಡಿ ತೆಗೆದೆ. “ಇನ್ನೂ ತಗೊಳ್ರಿ, ಇಷ್ಟ ದೊಡ್ಡ ಮರ ಐತಿ” ಎಂದು ಗೌರಮ್ಮ ಒತ್ತಾಯ ಮಾಡಿದರು. ಸಾಕು ಎಂದೆ. ಕಸಿ ಕಟ್ಟುವಾಗ ಪಕ್ಕದಲ್ಲಿ ಸಡಿಲಾಯಿತು ಎನ್ನುವವರು ಯಾರೂ ಇರಲಿಲ್ಲ. ಹತ್ತಾರು ಬದುಕಿದವು.

ಈ ವರ್ಷ ಮಿಡಿಯ ಕಾಲಕ್ಕೆ ಪುಸ್ತಕ ಬಂತು. ಸೀತಾರಾಮಣ್ಣ ಹೇಳಿದ ಶಾಲೆಯಲ್ಲೇ ಬಿಡುಗಡೆ, ಅವನೇ ಅತಿಥಿ. ಅವನ ಕುರ್ಚಿಯನ್ನು ಮುಂದಿನ ಸಾಲಿನ ನಡುವೆ ಹಾಕಿಸಿದ್ದು ನಾನು. ಮಕ್ಕಳು ಬಾಳೆಲೆಯಲ್ಲಿ ಸುತ್ತಿ ಮಿಡಿ ತಂದಿದ್ದರು. ಅನಘ ಎಂಬ ಅವನ ಮೊಮ್ಮಗಳು ಎರಡು ಜಡೆಯ ಚುರುಕು ಹುಡುಗಿ. ತಮ್ಮ ಮನೆಯದೇ ಮೂಲ ಸಂಕದಪ್ಪೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಗೌರಮ್ಮನ ಮರದ್ದನ್ನು ನಾನು ಬೇರೆ ಎಲೆಯಲ್ಲಿಟ್ಟಿದ್ದೆ.

ಒಬ್ಬೊಬ್ಬರೇ ಬಂದರು. ಕಣ್ಣಿಗೆ ಕರವಸ್ತ್ರ, ಮುಂದೆ ಚಾಚಿದ ಮೂಗು, ಸುತ್ತ ನಗು. ಬನವಾಸಿಯ ಮಿಡಿ ಬಂದಾಗ ಪ್ರತಿ ಮಗುವೂ ಜೀರಿಗೆ ಎಂದು ಕೂಗಿತು. ಮನೆಯಿಂದ ತಂದವುಗಳಲ್ಲಿ, ಸಂಕದಪ್ಪೆ ಎಂದು ಚೀಟಿಯಲ್ಲಿ ಬರೆಸಿ ತಂದಿದ್ದ ಒಂದಕ್ಕೂ ಯಾರೂ ಕೂಗಲಿಲ್ಲ. ಹಿಂದೆ ನಿಂತ ತಾಯಂದಿರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಅನಘಳ ಸರದಿ ಕೊನೆಗೆ ಬರುವ ಹಾಗೆ ಮಾಡಿದ್ದೆ. ಅವಳು ಒಂದನ್ನು ಮೂಸಿದಳು, ಇನ್ನೊಂದನ್ನು ಮೂಸಿದಳು, ಮತ್ತೆ ಮೊದಲಿನದಕ್ಕೆ ಹೋದಳು. ತಾನೇ ತಂದ ಎಲೆ ಯಾವುದು ಎಂದು ಕರವಸ್ತ್ರ ಸರಿಸಿ ನೋಡಿಕೊಂಡಳು. ನಂತರ ಮುಂದಿನ ಸಾಲಿಗೆ ಹೇಳಿದಳು.

“ಅಜ್ಜಾ, ನಮ್ಮನೆದಕ್ಕೆ ಜೀರಿಗೆ ವಾಸನೆನೇ ಇಲ್ಲೆ.”

ಯಾರೂ ನಗಲಿಲ್ಲ. ಆ ಹುಡುಗಿಯ ದನಿ ಸ್ವಲ್ಪ ಬಿದ್ದುಹೋದದ್ದು ನನಗೆ ಕೇಳಿಸಿತು. ಅದು ಕೇಳಿಸುತ್ತದೆ ಎಂದು ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ನಾನು ಕ್ಷಮೆ ಕೇಳಬೇಕಾದದ್ದು ಅವಳಿಗೆ ಮಾತ್ರ, ಬೇರೆ ಯಾರಿಗೂ ಅಲ್ಲ.

ಕೊನೆಯಲ್ಲಿ ಪರೀಕ್ಷೆ ಮಾಡಿದ ಮಕ್ಕಳಿಗೆಲ್ಲ ಒಂದೊಂದು ಕಸಿ ಗಿಡ ಕೊಟ್ಟೆವು, ಮಳೆ ಬರುವವರೆಗೆ ಕುಂಡದಲ್ಲಿಟ್ಟು ನೀರು ಹಾಕಿ ಎಂದು. ಅನಘ ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜನ ಹತ್ತಿರ ಓಡಿದಳು. ದನಿ ಆಗಲೇ ಸರಿಯಾಗಿತ್ತು. ಇದನ್ನು ನಮ್ಮ ಬೋರ್ಡಿನ ಎದುರೇ ನೆಡೋಣ ಎನ್ನುತ್ತಿದ್ದಳು. ಸೀತಾರಾಮಣ್ಣ ಎಲೆಯೊಂದನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದ. ತುಂಬ ಹೊತ್ತು ಹಾಗೇ ಹಿಡಿದಿದ್ದ.

“ಎಂತ ತಳಿ ಇದು ತಂಗೀ?” ಎಂದು ಕೇಳಿದ. ಕಣ್ಣು ಮಾತ್ರ ನನ್ನ ಕಡೆ ತಿರುಗಲಿಲ್ಲ.

ಹೇಳುವ ಕೆಲಸ ನನಗೆ ಬರಲಿಲ್ಲ. ಕುಂಡಕ್ಕೆ ಕಟ್ಟಿದ ಚೀಟಿಯನ್ನು ಅನಘಳೇ ಓದಿದಳು, ಪುಸ್ತಕದ ಪಾಠ ಓದುವ ರಾಗದಲ್ಲಿ. ಕಾತ್ಯಾಯಿನಿ ಅಪ್ಪೆ.

ಆಗ ಅವನ ಮುಖದಲ್ಲಿ ನಾನು ಕಂಡದ್ದು ನಾಚಿಕೆಯೋ, ಅಂಗಳದ ಬಿಸಿಲಿಗೆ ಕಣ್ಣು ಕಿರಿದಾದದ್ದೋ, ಡೈರಿಯಲ್ಲಿ ಎರಡನ್ನೂ ಬರೆದಿಟ್ಟಿದ್ದೇನೆ. ನಾಚಿಕೆಯೇ ಆಗಿರಲಿ ಎಂದು ನನಗೆ ಆಸೆ, ಆದ್ದರಿಂದ ಅದನ್ನು ಪೂರ್ತಿ ನಂಬುವಂತಿಲ್ಲ. ಮೊಮ್ಮಗಳು ದಿನವೂ ಅವನ ಕೈಯಲ್ಲಿ ಆ ಗಿಡಕ್ಕೆ ನೀರು ಹಾಕಿಸುತ್ತಾಳಂತೆ, ಶಾಲೆಯ ಟೀಚರ್ ಸಿಕ್ಕಾಗ ಹೇಳಿದರು. ಕಸಿ ಗಿಡ ಮಿಡಿ ಬಿಡಲು ಇನ್ನು ನಾಲ್ಕೈದು ವರ್ಷ ಬೇಕು. ಆಮೇಲೆ ಅವರ ಮನೆಯವರು ಅದನ್ನು ಉಪ್ಪಿಗೆ ಹಾಕಬೇಕು, ಭರಣಿಗೆ ಹೆಸರು ಬರೆಯಬೇಕು, ಊಟಕ್ಕೆ ಬಂದವರು ಯಾವ ಮಿಡಿ ಎಂದು ಕೇಳಬೇಕು, ಮೇಡಂ ಹೆಸರನ್ನು ಅವನೇ ಹೇಳಬೇಕು. ಸೀತಾರಾಮಣ್ಣನಿಗೆ ಈಗ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಅವನ ಆರೋಗ್ಯವನ್ನು ಸಿಕ್ಕವರ ಹತ್ತಿರವೆಲ್ಲ ವಿಚಾರಿಸುತ್ತಿರುತ್ತೇನೆ. ಯಾರ ಆಯುಸ್ಸಿಗಾಗಿಯೂ ನಾನು ಇಷ್ಟು ಮನಸಾರೆ ಬೇಡಿಕೊಂಡದ್ದಿಲ್ಲ.